ಕೊನೆಯ ಹೆಜ್ಜೆಯಿಂದ ಶುರುಮಾಡಿ

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ತರಗತಿಯಲ್ಲಿ ಸಹಾಯಕರಾಗಲು ತರಬೇತಿಗೆ ಬಂದವರ ಕೈಗೆ ನಾನು ಮೊದಲ ದಿನ ಒಂದು ಹಳೆಯ ಅಂಗಿ ಕೊಡುತ್ತೇನೆ. "ಬೆರಳಿಗೆ ಹಿಡಿತ ಕಡಿಮಿ ಇರೋ ಹುಡುಗಗ ಗುಂಡಿ ಹಾಕೋದು ಹೆಂಗ ಕಲಸ್ತೀರಿ, ತೋರಸ್ರಿ" ಅನ್ನುತ್ತೇನೆ. ಹೆಚ್ಚಿನವರು ಕುತ್ತಿಗೆಯ ಗುಂಡಿಗೆ ಕೈಹಾಕುತ್ತಾರೆ. ಮಗು ತಡವರಿಸಿದೊಡನೆ ತಾವೇ ಹಾಕಿಬಿಡುತ್ತಾರೆ. ಅಂಗಿ ಸರಿಯಾಯಿತು, ಪಾಠ ಆಗಲಿಲ್ಲ.

ನಿಧಾನವಾಗಿ ನೋಡೋಣ. ಗುಂಡಿ ಹಿಡಿಯುವುದು, ಕಾಜಾ ಅಗಲಿಸುವುದು, ಗುಂಡಿಯನ್ನು ಅಡ್ಡ ತಿರುಗಿಸಿ ತೂರಿಸುವುದು, ಆಚೆಯಿಂದ ಎಳೆಯುವುದು: ನಾಲ್ಕು ಕೆಲಸ. ಮೊದಲ ಮೂರನ್ನು ನೀವು ಮಾಡಿ, ಎಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ತೂರಿಸುವುದನ್ನೂ ಬಿಡಿ. ಹೀಗೆ ತುದಿಯಿಂದ ಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ. ಆ ಖುಷಿ ಮುಖದ ಮೇಲೆ ಕಾಣುತ್ತದೆ. ಚೀಲ ಹೆಗಲಿಗೇರಿಸುವುದು, ಊಟದ ತಟ್ಟೆ ತೊಳೆಯುವುದು, ಎಲ್ಲಕ್ಕೂ ಇದೇ ದಾರಿ.

ಸಹಾಯಕ್ಕೂ ಮೆಟ್ಟಿಲುಗಳಿವೆ. ಮೊದಲು ಮಗುವಿನ ಕೈಮೇಲೆ ನಿಮ್ಮ ಕೈ. ನಂತರ ಮೊಣಕೈಗೆ ಬರೀ ಒಂದು ಸ್ಪರ್ಶ. ಆಮೇಲೆ ಬೆರಳು ಮಾಡಿ ತೋರಿಸುವುದು, ಆಮೇಲೆ ಒಂದು ಮಾತು, ಕಡೆಗೆ ಸುಮ್ಮನೆ ಕಾಯುವುದು. ಕಾಯುವುದೇ ಎಲ್ಲಕ್ಕಿಂತ ಕಷ್ಟ. ಮನಸ್ಸಿನಲ್ಲೇ ಹತ್ತು ಎಣಿಸಿ. ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹುಡುಗಿಗೆ ಮೊದಲ ವರ್ಷ ನಾನು ಎಲ್ಲವನ್ನೂ ಮಾಡಿಕೊಟ್ಟೆ. ನಾನು ರಜೆ ಹಾಕಿದ ದಿನ ಬಾಟಲಿ ಎದುರಿಗಿದ್ದರೂ ಆಕೆ ಸಂಜೆಯವರೆಗೆ ನೀರು ಕುಡಿದಿರಲಿಲ್ಲ. ತಪ್ಪು ನನ್ನದು. ಅಂದಿನಿಂದ ಅವಳ ಬೆಂಚಿನಿಂದ ಒಂದು ಮಾರು ದೂರ ಕೂತೆ, ಬದಿಗೆ ಗೆಳತಿಯೊಬ್ಬಳನ್ನು ಕೂರಿಸಿದೆ.

ಕಾನೂನನ್ನೂ ಒಂದಿಷ್ಟು ತಿಳಿದಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯಲ್ಲಾದರೂ ಸರಿ, ವಿಶೇಷ ಶಾಲೆಯಲ್ಲಾದರೂ ಸರಿ. ಸರ್ಕಾರಿ ಶಾಲೆಗಳಿಗೆ ಬಿಐಇಆರ್‌ಟಿ, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಭೇಟಿ ಕೊಡುತ್ತಾರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಪ್ರಮಾಣಪತ್ರ, ಪಿಂಚಣಿಯ ಮಾತಿಗೆ ಅವರನ್ನೇ ಹಿಡಿಯಬೇಕು. ಮುಂದೆ ನೀವೇ ವಿಶೇಷ ಶಿಕ್ಷಕರಾಗಬೇಕೆಂದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಾಯಿಸಿಕೊಳ್ಳಬೇಕು. ಮಾತು, ಶ್ರವಣದ ಕಡೆಗೆ ಒಲವಿದ್ದರೆ ಮೈಸೂರಿನಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆ ಇದೆ.

ಇನ್ನು ತರಗತಿಯಿಂದ ಹೊರಗೆ, ಹಾವೇರಿ ಜಿಲ್ಲೆಯ ಹೆದ್ದಾರಿ ಬದಿಯ ಗೊಟಗೋಡಿಗೆ ಬನ್ನಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನನ್ನ ಪಾಲಿಗೆ ಬಯಲು ತರಗತಿ. ಎತ್ತು, ಎಮ್ಮೆ, ರೈತ, ಹಳ್ಳಿಯ ಹೆಂಗಸರು, ಎಲ್ಲರೂ ಆಳೆತ್ತರದ ಶಿಲ್ಪಗಳಾಗಿ ನಿಂತಿದ್ದಾರೆ, ಅಲುಗುವುದಿಲ್ಲ. ಓಡುವ ಎಮ್ಮೆಗೆ ಹೆದರುವ ಮಗು ಇಲ್ಲಿ ಕೊಂಬನ್ನು ನಿಧಾನವಾಗಿ ದಿಟ್ಟಿಸುತ್ತದೆ. ಆಟಿಸಂ ಇರುವ ಮಗುವನ್ನು ಕರೆತರುವುದಾದರೆ ಹಿಂದಿನ ದಿನವೇ ಮೊಬೈಲಿನಲ್ಲಿ ಆ ಜಾಗದ ಫೋಟೋ ತೋರಿಸಿ. ಜನ ಸೇರುವ ಮುಂಚೆ, ಬೆಳಿಗ್ಗೆಯೇ ಬನ್ನಿ. ಹೆದ್ದಾರಿಯ ಲಾರಿ ಹಾರ್ನಿಗೆ ಕಿವಿ ಮುಚ್ಚಿಕೊಂಡರೆ "ಏನೂ ಆಗಂಗಿಲ್ಲ" ಅನ್ನಬೇಡಿ. ಅದಕ್ಕೆ ನಿಜಕ್ಕೂ ನೋಯುತ್ತಿರಬಹುದು. ಒಳಗೆ ಸರಿದು ಕೂರಿ. ಯಾವ ಶಿಲ್ಪದೆದುರು ಅದರ ಕಾಲು ತಾನಾಗಿ ನಿಂತಿತೋ ಅಲ್ಲಿಂದ ಪಾಠ ಶುರುಮಾಡಿ. ಮಾತು ಬಾರದಿದ್ದರೂ ಬೆರಳು ಮಾಡುತ್ತದಲ್ಲ, ಅದನ್ನೇ ಮಾತೆಂದು ಹಿಡಿದು ಉತ್ತರ ಕೊಡಿ.

ಸಂಜೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. "ಜಾಣ", "ಹಟಮಾರಿ" ಎಂಬಂಥ ಮಾತು ಬೇಡ. ಯಾವ ಮೆಟ್ಟಿಲಿನ ಸಹಾಯ ಬೇಕಾಯಿತು ಎಂಬುದಷ್ಟೇ ಇರಲಿ: "ಸೋಮವಾರ, ಮೊಣಕೈ ಮುಟ್ಟಿದೆ. ಗುರುವಾರ, ಬೆರಳು ತೋರಿಸಿದೆ, ಎಳೆದಳು." ವಾರಕ್ಕೊಮ್ಮೆ ಅದನ್ನು ಮಗುವಿನ ಅವ್ವನಿಗೆ ಓದಿ ಹೇಳಿ. ಮನೆಯಲ್ಲಿ ಗುಂಡಿ ಹಾಕುವ ಕೈ ಅವರದೇ. ಎಲ್ಲಿಯವರೆಗೆ ಹಾಕಿ ನಿಲ್ಲಿಸಬೇಕೆಂದು ಅವರಿಗೂ ಗೊತ್ತಾಗಬೇಕು.