ಭೂಪಟದಿಂದ ನೆಲದ ಎತ್ತರವನ್ನು ಕೇಳಿ ತಿಳಿಯುವ ಬಗೆ

ಕಾಲುವೆ ತೋಡುವುದು, ಕೃಷಿಹೊಂಡ ತೆಗೆಯುವುದು, ಬದು ಹಾಕುವುದು, ತೋಟಕ್ಕೆ ಕೊಳವೆ ಹಾಯಿಸುವುದು, ಇವೇ ಮೊದಲಾದ ಕೆಲಸಗಳಿಗೆ ಕೈಹಾಕುವ ಮುನ್ನ ನೆಲದ ಏರುತಗ್ಗುಗಳನ್ನು ತಿಳಿದುಕೊಳ್ಳುವುದು ಅವಶ್ಯಕವೆಂಬುದನ್ನು ಯಾವ ಜಮೀನುದಾರನಿಗೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಇದಕ್ಕಾಗಿ ಮಟ್ಟದ ಯಂತ್ರವನ್ನೂ ಅದನ್ನು ಬಲ್ಲವರನ್ನೂ ಕರೆಯಿಸಿ ಕಾಯಬೇಕಾಗಿತ್ತು. ಈಗಲಾದರೋ ಕಂಪ್ಯೂಟರಿನ ಪರದೆಯ ಮೇಲೆ ಗ್ರಾಮದ ಭೂಪಟವನ್ನು ತರಿಸಿ, ಬೇಕಾದ ಸ್ಥಳವನ್ನು ಒತ್ತಿದೊಡನೆ ಅದರ ಎತ್ತರವು ಅಂಕಿಯ ರೂಪದಲ್ಲಿ ಮೂಡಿಬರುತ್ತದೆ. ಈ ಅನುಕೂಲವು ಅಲ್ಪವಾದುದಲ್ಲ. ಆದರೆ ಆ ಅಂಕಿಯು ಎಷ್ಟು ನೆಲದ್ದು, ಯಾವ ಕಾಲದ್ದು, ಯಾವ ಮಟ್ಟದಿಂದ ಎಣಿಸಿದ್ದು ಎಂಬುದನ್ನು ವಿಚಾರಿಸದೆ ಹಣ ಸುರಿದರೆ, ತೋಡಿದ ಕಾಲುವೆಯಲ್ಲಿ ನೀರು ಬಂದ ದಾರಿಗೇ ಹಿಂತಿರುಗುವುದುಂಟು. ಆಗ ಹೋದ ಹಣದ ಜೊತೆಗೆ ನೆರೆಯವನೊಡನೆ ವ್ಯಾಜ್ಯವೂ ಸೇರುತ್ತದೆ.

ಈ ಅಂಕಿಗಳು ಆಕಾಶದಿಂದ ಅಳೆದವು. ೨೦೦೦ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಎಂಡೆವರ್ ಎಂಬ ಗಗನನೌಕೆಯು ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರ್ ಕಿರಣಗಳಿಂದ ಭೂಭಾಗದ ನೂರಕ್ಕೆ ೮೦ ಪಾಲನ್ನು ಅಳೆಯಿತು. ನಮ್ಮ ದೇಶದವರು ೨೦೦೫ರ ಮೇ ತಿಂಗಳಲ್ಲಿ ಹಾರಿಸಿದ ಕಾರ್ಟೋಸ್ಯಾಟ್-೧ ಉಪಗ್ರಹದಲ್ಲಿ ಮುಂದಕ್ಕೊಂದು ಹಿಂದಕ್ಕೊಂದು ಬಾಗಿದ ಎರಡು ಕ್ಯಾಮೆರಾಗಳಿದ್ದು, ಎರಡು ಕಣ್ಣುಗಳಿಂದ ನೋಡಿ ದೂರವನ್ನು ಗ್ರಹಿಸುವಂತೆ ಅವುಗಳ ಚಿತ್ರಗಳಿಂದ ಎತ್ತರಗಳನ್ನು ಗಣಿಸಲಾಯಿತು. ಈ ಎರಡನೆಯ ಲೆಕ್ಕವು ಭುವನ್ ಎಂಬ ಜಾಲತಾಣದಲ್ಲಿ ಸಾರ್ವಜನಿಕರಿಗೆ ದೊರೆಯುತ್ತದೆ. ರಾಗಿಯ ನಾಟಿಗಾಗಿ ಹೊಲದಲ್ಲಿ ಉದ್ದಸಾಲು ಅಡ್ಡಸಾಲುಗಳನ್ನು ಹೊಡೆದಾಗ ಚೌಕಗಳುಂಟಾಗುವಂತೆ, ಇಲ್ಲಿಯೂ ನಾಡೆಲ್ಲವನ್ನೂ ಸುಮಾರು ೩೦ ಮೀಟರು ಅಗಲದ ಚೌಕಗಳನ್ನಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೆ ಒಂದೊಂದೇ ಅಂಕಿಯನ್ನು ಕೊಟ್ಟಿರುತ್ತಾರೆ. ಅಂತಹ ಚೌಕವೊಂದು ಸುಮಾರು ೯ ಗುಂಟೆಗಳಷ್ಟಾಗುವುದರಿಂದ ಒಂದು ಎಕರೆಗೆ ಸಿಕ್ಕುವ ಅಂಕಿಗಳು ನಾಲ್ಕೂವರೆ ಮಾತ್ರ. ಆ ಒಂಬತ್ತು ಗುಂಟೆಯೊಳಗೆ ದಿಣ್ಣೆಯೂ ಹಳ್ಳವೂ ಇದ್ದರೆ ಅವೆರಡೂ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ.

ಭೂಪಟಗಳನ್ನು ದೂರದಿಂದ ತರಿಸಿಕೊಳ್ಳುವುದಕ್ಕೆ ವೆಬ್ ಮ್ಯಾಪ್ ಸರ್ವಿಸ್ ಎಂಬ ಕಟ್ಟಳೆಯು ೨೦೦೦ನೆಯ ಇಸವಿಯಲ್ಲಿ ಏರ್ಪಟ್ಟಿತು. ಇದರಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೇನೆಂದರೆ, ಬರುವುದು ಬಣ್ಣದ ಚಿತ್ರವೇ ಹೊರತು ಎತ್ತರದ ಅಂಕಿಗಳಲ್ಲ. ಅಂಕಿಯು ಬೇಕಾದರೆ ‘ಗೆಟ್ ಫೀಚರ್ ಇನ್ಫೊ’ ಎಂಬ ಎರಡನೆಯ ಪ್ರಶ್ನೆಯನ್ನು ಕಳುಹಿಸಬೇಕು. ಸ್ಥಳವನ್ನು ಒತ್ತಿದಾಗ ಭೂಪಟದ ತಂತ್ರಾಂಶವು ನಡೆಸುವ ಕೆಲಸವು ಸಾಮಾನ್ಯವಾಗಿ ಇದೇ. ಆ ಪ್ರಶ್ನೆಯು ‘ಈ ಚಿತ್ರದಲ್ಲಿ ಎಡದಿಂದ ಇಷ್ಟನೆಯ, ಮೇಲಿನಿಂದ ಇಷ್ಟನೆಯ ಚುಕ್ಕೆಯ ಕೆಳಗೆ ಏನಿದೆ?’ ಎಂದು ಕೇಳುತ್ತದೆ. ಆದುದರಿಂದ ಐವತ್ತು ಕಿಲೋಮೀಟರು ಅಗಲದ ತಾಲ್ಲೂಕನ್ನು ಸಾವಿರ ಚುಕ್ಕೆಗಳ ಪರದೆಯಲ್ಲಿ ಇಟ್ಟುಕೊಂಡು ಒತ್ತಿದರೆ, ಒಂದು ಚುಕ್ಕೆಯೇ ೫೦ ಮೀಟರು ಅಗಲವಾಗುತ್ತದೆ. ಬೆರಳು ಕೂದಲೆಳೆಯಷ್ಟು ಸರಿದರೂ ಉತ್ತರವು ಪಕ್ಕದ ಸರ್ವೆ ನಂಬರಿನದಾಗಬಹುದು. ಹೊಲವೇ ಪರದೆಯನ್ನು ತುಂಬುವಷ್ಟು ಹಿಗ್ಗಿಸಿಕೊಂಡು ಕೇಳುವುದು ಲೇಸು. ಪ್ರಶ್ನೆಯನ್ನು ತಾವೇ ಬರೆದು ಕಳುಹಿಸಬಲ್ಲ ಊರಿನ ಯುವಕರು ಅಕ್ಷಾಂಶ ರೇಖಾಂಶಗಳ ಕ್ರಮದಲ್ಲಿ ಎಚ್ಚರವಾಗಿರತಕ್ಕದ್ದು. ಈ ಕಟ್ಟಳೆಯ ೧.೩.೦ ಎಂಬ ಆವೃತ್ತಿಯಲ್ಲಿ, ಅಂಶಗಳಲ್ಲಿ ಸ್ಥಳವನ್ನು ಸೂಚಿಸುವಾಗ, ಅಕ್ಷಾಂಶವು ಮೊದಲು ಬರುವುದು. ಅದಕ್ಕೆ ಹಿಂದಿನದರಲ್ಲಿ ರೇಖಾಂಶವು ಮೊದಲು. ಇವು ಅದಲುಬದಲಾದರೆ ಬೆಂಗಳೂರಿನ ಪ್ರಶ್ನೆಯು ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಬೀಳುತ್ತದೆ.

ಉತ್ತರವು ಬಂದಮೇಲೂ ಅದು ಎತ್ತರವೇ ಹೌದೇ ಎಂದು ನೋಡಬೇಕು. ೨೫೫ನ್ನು ಮೀರದ ಮೂರು ಅಂಕಿಗಳು ಒಟ್ಟಿಗೆ ಬಂದರೆ ಅವು ಸಾಮಾನ್ಯವಾಗಿ ಚಿತ್ರದ ಕೆಂಪು, ಹಸುರು, ನೀಲಿ ಬಣ್ಣಗಳ ಪ್ರಮಾಣಗಳಾಗಿರುತ್ತವೆ. ಋಣ ೩೨೭೬೮ ಅಥವಾ ಋಣ ೯೯೯೯ ಎಂದು ಬಂದರೆ ಆ ಚೌಕದ ಅಳತೆಯು ಇಲ್ಲವೆಂದು ಅರ್ಥ. ಇಡೀ ಗ್ರಾಮದ ಅಂಕಿಗಳು ಬೇಕಾದವರು ಒಂದೊಂದೇ ಚುಕ್ಕೆಯನ್ನು ಒತ್ತುತ್ತ ಕುಳಿತುಕೊಳ್ಳುವುದು ವ್ಯರ್ಥಶ್ರಮ. ಮೂಲ ಅಂಕಿಗಳನ್ನೇ ಕೊಡುವ ವೆಬ್ ಕವರೇಜ್ ಸರ್ವಿಸ್ ಎಂಬ ಬೇರೊಂದು ಏರ್ಪಾಡುಂಟು.

ಇನ್ನು ಹಲವರನ್ನು ದಿಗ್ಭ್ರಮೆಗೊಳಿಸುವ ಸಂಗತಿಯೊಂದಿದೆ. ಬೆಂಗಳೂರಿನ ಒಂದೇ ಸ್ಥಳಕ್ಕೆ ಎಂಡೆವರ್ ನೌಕೆಯ ಲೆಕ್ಕವನ್ನೂ ಕಾರ್ಟೋಸ್ಯಾಟಿನ ಲೆಕ್ಕವನ್ನೂ ಕೇಳಿದರೆ ಉತ್ತರಗಳಲ್ಲಿ ೮೦ ಮೀಟರಿಗೂ ಮೀರಿದ ಅಂತರವು ಕಾಣಬಹುದು. ಇದು ತಪ್ಪಲ್ಲ. ಮೊದಲನೆಯದು ಸಮುದ್ರಮಟ್ಟಕ್ಕೆ ಸಮೀಪವಾದ ಪಾತಳಿಯಿಂದ ಎಣಿಸಿದ್ದು. ಎರಡನೆಯದು ಭೂಮಿಯನ್ನು ನಯವಾದ ಚಪ್ಪಟೆಗೋಳವೆಂದು ಭಾವಿಸಿ ಅದರ ಮೈಯಿಂದ ಎಣಿಸಿದ್ದು. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟವು ಆ ಕಲ್ಪಿತ ಗೋಳದ ಮೈಗಿಂತ ಬಹಳ ಕೆಳಗಿರುವುದರಿಂದ ಈ ಅಂತರವುಂಟಾಗಿದೆ. ಕೆರೆಯ ಎತ್ತರವನ್ನು ಒಂದರಿಂದಲೂ ಹೊಲದ ಎತ್ತರವನ್ನು ಮತ್ತೊಂದರಿಂದಲೂ ತೆಗೆದುಕೊಂಡು ಕಳೆಯುವುದು ಸೇರನ್ನೂ ಗಜವನ್ನೂ ಕೂಡಿಸಿದಂತೆ.

ಆಕಾಶದಿಂದ ಅಳೆದುದರಲ್ಲಿ ನೆಲವೇ ಕಾಣುವುದೆಂದೂ ಇಲ್ಲ. ದಟ್ಟವಾದ ಅಡಕೆ ತೋಟದಲ್ಲಿ ಅಳತೆಯು ಬಹುಮಟ್ಟಿಗೆ ಗರಿಗಳ ಮಟ್ಟಕ್ಕೇ ನಿಲ್ಲುತ್ತದೆ. ಪಕ್ಕದ ಗದ್ದೆಗಿಂತ ತೋಟವು ದಿಣ್ಣೆಯೆಂದು ತೋರುತ್ತದೆ. ತುಂಬಿದ ಕೆರೆಯಲ್ಲಿ ಅಂಕಿಯು ನೀರಿನ ಮೈಯದೇ ಹೊರತು ತಳದ್ದಲ್ಲ. ಹೂಳೆಷ್ಟೆಂಬುದು ಅದರಿಂದ ತಿಳಿಯದು. ಮೂರು ನಾಲ್ಕು ಮೀಟರು ಅಗಲದ ಏರಿಯು ಮೂವತ್ತು ಮೀಟರಿನ ಚೌಕದಲ್ಲಿ ಅಡಗಿಹೋಗುತ್ತದೆ. ೨೦೦೦ದ ತರುವಾಯ ತೆಗೆದ ಹೊಂಡವಾಗಲಿ ಕಲ್ಲುಗಣಿಯಾಗಲಿ ಎಂಡೆವರಿನ ಲೆಕ್ಕದಲ್ಲಿ ಇರುವುದೇ ಇಲ್ಲ.

ಒಬ್ಬ ಜಮೀನುದಾರನು ಕೆರೆಯ ತೂಬಿನಿಂದ ೩೦೦ ಮೀಟರು ದೂರದ ಹೊಲಕ್ಕೆ ಕಾಲುವೆಯನ್ನು ಕೊಂಡೊಯ್ಯಲು ಉದ್ದೇಶಿಸಿರುವನೆಂದು ಭಾವಿಸೋಣ. ಸಾವಿರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ೩೦ ಸೆಂಟಿಮೀಟರು ಇಳಿದರೆ ಸಾಕು. ಪರದೆಯು ತೂಬಿಗೆ ೭೮೪, ಹೊಲಕ್ಕೆ ೭೮೩ ಎಂದು ತೋರಿಸುತ್ತದೆ. ಆತನು ಒಂದು ಮೀಟರು ಇಳಿತ ಸಿಕ್ಕಿತೆಂದು ಸಂತೋಷಪಡುತ್ತಾನೆ. ಆದರೆ ಅಂಕಿಗಳು ಪೂರ್ಣ ಮೀಟರುಗಳಲ್ಲಿರುವುದರಿಂದ ನಿಜವಾದ ಇಳಿತವು ಒಂದೆರಡು ಸೆಂಟಿಮೀಟರೂ ಆಗಿರಬಹುದು, ಎರಡು ಮೀಟರಿನ ಹತ್ತಿರವೂ ಆಗಿರಬಹುದು. ಅಳತೆಯ ತಪ್ಪು ಇದಕ್ಕೆ ಹೊರತು. ಎಂಡೆವರಿನ ಅಳತೆಗೆ ಇಟ್ಟ ಕರಾರೇ, ನೂರಕ್ಕೆ ೯೦ ಪಾಲು ತಪ್ಪು ೧೬ ಮೀಟರಿನೊಳಗಿರಬೇಕೆಂಬುದು. ಕಾರ್ಟೋಸ್ಯಾಟಿನದು ೮ ಮೀಟರು. ಒಂದೇ ಊರಿನ ಎರಡು ಸ್ಥಳಗಳಲ್ಲಿ ತಪ್ಪು ಬಹುಮಟ್ಟಿಗೆ ಒಂದೇ ಕಡೆಗೆ ವಾಲಿರುವುದರಿಂದ ಅವುಗಳ ಅಂತರವು ಇದಕ್ಕಿಂತ ನಂಬತಕ್ಕದ್ದಾದರೂ, ಕೆಲವು ಮೀಟರುಗಳ ಹೊಯ್ದಾಟವು ತಪ್ಪದು.

ಹಾಗಾದರೆ ಈ ಅಂಕಿಗಳಿಂದ ಪ್ರಯೋಜನವಿಲ್ಲವೇ? ಧಾರಾಳವಾಗಿ ಉಂಟು. ಯಾವ ಗುಡ್ಡದ ನೀರು ಯಾವ ಹಳ್ಳಕ್ಕೆ ಸೇರುತ್ತದೆ, ಎರಡು ಹಳ್ಳಗಳ ನಡುವಣ ದಿಣ್ಣೆಯು ಎಲ್ಲಿ ಹಾದುಹೋಗುತ್ತದೆ, ಹೊಳೆಯಿಂದ ನಲವತ್ತು ಮೀಟರು ಮೇಲಿನ ತೋಟಕ್ಕೆ ಎಷ್ಟು ಶಕ್ತಿಯ ಪಂಪು ಬೇಕಾದೀತು ಎಂಬ ಮೊದಲನೆಯ ಅಂದಾಜಿಗೆ ಇವು ಸಾಕು. ಗ್ರಾಮದ ಮುಖಂಡರು ಜಲಾನಯನದ ಕೆಲಸಗಳಿಗೆ ಸ್ಥಳಗಳನ್ನು ಆರಿಸುವಾಗ ಇವನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಗುದ್ದಲಿ ಹಾಕುವ ದಿನಕ್ಕಾದರೋ ನೀರಿನ ಮಟ್ಟವೇ ಬೇಕು. ಹದಿನೈದು ಮೀಟರು ಉದ್ದದ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಸೆಂಟಿಮೀಟರು ಗುರುತು ಹಾಕಿದ ಎರಡು ಕೋಲುಗಳಿಗೆ ಅದರ ತುದಿಗಳನ್ನು ಕಟ್ಟಿ, ಒಂದನ್ನು ತೂಬಿನ ಬಳಿಯೂ ಮತ್ತೊಂದನ್ನು ಮುಂದೆಯೂ ನೆಟ್ಟಗೆ ನಿಲ್ಲಿಸಬೇಕು. ನೀರು ಎರಡು ಕಡೆಯೂ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಕೋಲುಗಳ ಗುರುತುಗಳ ಅಂತರವೇ ನೆಲದ ಅಂತರ. ಕೊಳವೆಯ ಒಂದಷ್ಟು ಉದ್ದವು ಕೋಲುಗಳಿಗೇ ಹೋಗುವುದರಿಂದ, ಹೀಗೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಮುಂದುವರಿದರೆ ೩೦೦ ಮೀಟರು ಮುಗಿಯುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ಮಟ್ಟವು ಸುಳ್ಳಾಗುವುದರಿಂದ, ಪ್ರತಿ ಸಲವೂ ಮೊದಲು ಅದನ್ನು ನೋಡಿಕೊಳ್ಳತಕ್ಕದ್ದು.