ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮಕ್ಕಳು: ಯಾವ ದಾರಿ, ಯಾವ ಪುಸ್ತಕ?



ಹದಿನಾಲ್ಕು, ಹದಿನೈದರ ಪ್ರಾಯದ ಮಗನೋ ಮಗಳೋ ಶಾಲೆಗೆ ಹೋಗದೆ ಮನೆಯಲ್ಲೇ ಕುಳಿತು ಪರೀಕ್ಷೆಗೆ ಓದುವುದಕ್ಕೆ ಕಾರಣಗಳು ಹಲವು. ಒಬ್ಬನಿಗೆ ದೀರ್ಘಕಾಲದ ಕಾಯಿಲೆ. ಇನ್ನೊಬ್ಬಳು 10ನೇ ತರಗತಿಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿ, ಗೆಳತಿಯರೆಲ್ಲ ಕಾಲೇಜಿಗೆ ಹೋಗುತ್ತಿರುವಾಗ ಮನೆಯಲ್ಲಿ ಉಳಿದಿದ್ದಾಳೆ. ಮತ್ತೊಬ್ಬ ಬಡತನದಿಂದಾಗಿ 9ನೇ ತರಗತಿಯಲ್ಲೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ್ದಾನೆ. ಇತ್ತೀಚೆಗೆ ಕೆಲವು ಕುಟುಂಬಗಳು ಯೋಚಿಸಿ, ಮಾತಾಡಿಕೊಂಡೇ ಮನೆಪಾಠದ ದಾರಿಯನ್ನು ಹಿಡಿದಿವೆ.

ಕಾರಣ ಯಾವುದೇ ಇರಲಿ, ಇಂತಹ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾವ ಪರೀಕ್ಷೆಗೆ ಕೂರಿಸಬೇಕು? ಯಾವ ಪುಸ್ತಕ ಓದಿಸಬೇಕು? ನಮ್ಮಲ್ಲಿ ಹೆಚ್ಚಿನವರು ಎರಡನೆಯ ಪ್ರಶ್ನೆಯಿಂದ ಶುರುಮಾಡುತ್ತಾರೆ. ಅಂಗಡಿಗೆ ಹೋಗಿ ಕೈತುಂಬ ಗೈಡುಗಳನ್ನು ತರುತ್ತಾರೆ, ಮೊಬೈಲಿನಲ್ಲಿ ಪಾಠಗಳನ್ನು ಹಾಕಿಕೊಡುತ್ತಾರೆ. ಮೂರು ತಿಂಗಳಾದ ಮೇಲೆ, ತಂದ ಪುಸ್ತಕ ಬೇರೆ, ಬರೆಯಬೇಕಾದ ಪರೀಕ್ಷೆ ಬೇರೆ ಎಂದು ತಿಳಿಯುತ್ತದೆ. ಆದ್ದರಿಂದ ಈ ವಾರದ ಪಾಠದಲ್ಲಿ ಕ್ರಮವಾಗಿ ನೋಡೋಣ: ಮೊದಲು ದಾರಿ, ಆಮೇಲೆ ವಿಷಯ, ಅದಾದ ಮೇಲೆ ಪುಸ್ತಕ.

1. ಹೊಣೆ ಯಾರದು?

“ನಾನೇ 7ನೇ ಕ್ಲಾಸು. ನಾನೇನು ಹೇಳಿಕೊಡಲಿ?” ಎನ್ನುವ ತಾಯಂದಿರಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು ಮಕ್ಕಳಿಗೆ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಹೇಳುತ್ತದೆ. ಆದರೆ ಅದೇ ಭಾಗದಲ್ಲಿ, ಈ ಕೆಲಸಕ್ಕೆ ಕುಟುಂಬಕ್ಕೆ ಇಡೀ ಸಮಾಜದ ನೆರವು ಬೇಕೆಂದೂ ಅದು ತಿಳಿಸುತ್ತದೆ. ಬೀಜಗಣಿತವನ್ನು ನೀವೇ ಕಲಿಸಬೇಕೆಂದೇನೂ ಇಲ್ಲ. ಸರಿಯಾದ ದಾರಿ ಹುಡುಕುವುದು, ದಿನದ ಓದಿಗೆ ಹೊತ್ತು ಮತ್ತು ಜಾಗ ಮಾಡಿಕೊಡುವುದು, ಗೊತ್ತಿದ್ದವರ ಬಳಿಗೆ ಮಗುವನ್ನು ಕರೆದೊಯ್ಯುವುದು ನಿಮ್ಮ ಪಾಲಿನ ಕೆಲಸ. ಇದಕ್ಕೆ ಪದವಿ ಬೇಕಾಗಿಲ್ಲ.

2. ಮೊದಲು ದಾರಿ

ಎಸ್.ಎಸ್.ಎಲ್.ಸಿ.ಯಲ್ಲಿ ಒಂದೆರಡು ವಿಷಯ ಮಾತ್ರ ಉಳಿದಿದ್ದರೆ ಹೊಸ ದಾರಿ ಹುಡುಕುವ ಅವಸರ ಬೇಡ. ಕರ್ನಾಟಕದಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಮೊದಲನೆಯದರಲ್ಲಿ ಉಳಿದ ವಿಷಯವನ್ನು ಅದೇ ವರ್ಷ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಫಲಿತಾಂಶ ಬಂದ ವಾರವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಅರ್ಜಿಯ ಕೊನೆಯ ದಿನಾಂಕ ಕೇಳಿ. ದುಃಖದಲ್ಲಿ ಹದಿನೈದು ದಿನ ಕಳೆದರೆ ಆ ದಿನಾಂಕ ದಾಟಿಹೋಗಬಹುದು. ಶಾಲೆ ಬಿಟ್ಟು ಬಹಳ ಕಾಲವಾದವರಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯುವ ವ್ಯವಸ್ಥೆಯೂ ಇದೆ.

ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್.ಐ.ಓ.ಎಸ್. ಇದು ಕೇಂದ್ರ ಸರಕಾರದ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ಸ್ವಾಯತ್ತ ಸಂಸ್ಥೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಆರಂಭವಾಗಿ 2002ರಲ್ಲಿ ಈಗಿನ ಹೆಸರು ಪಡೆಯಿತು. ಮುಖ್ಯ ಕಚೇರಿ ನೋಯ್ಡಾದಲ್ಲಿದೆ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಮನೆಯಲ್ಲಿ ಓದುವವರಿಗೆ ಅದರ ಈ ನಿಯಮಗಳು ಮುಖ್ಯ:

• 10ನೇ ತರಗತಿಯ ಮಟ್ಟದ ಪರೀಕ್ಷೆಗೆ ಸೇರಲು 14 ವರ್ಷ ತುಂಬಿರಬೇಕು. 8ನೇ ತರಗತಿಯ ಪ್ರಮಾಣಪತ್ರ ಇಲ್ಲದವರು, ಈ ಮಟ್ಟಕ್ಕೆ ಬೇಕಾದಷ್ಟು ಓದಿದ್ದೇನೆ ಎಂದು ತಾವೇ ಬರೆದುಕೊಟ್ಟು ಸೇರಬಹುದು.

• ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಅವುಗಳಲ್ಲಿ ಕನಿಷ್ಠ ಒಂದು, ಗರಿಷ್ಠ ಎರಡು ಭಾಷೆಗಳಿರಬೇಕು. ತೇರ್ಗಡೆಗೆ ಶೇಕಡ 33 ಅಂಕ.

• ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್.

• ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಊರ್ಜಿತ. ಅಷ್ಟರಲ್ಲಿ ಒಂಬತ್ತು ಅವಕಾಶ. ಐದೂ ವಿಷಯಗಳನ್ನು ಒಂದೇ ಸಲ ಬರೆಯಬೇಕಾಗಿಲ್ಲ. ಈ ಸಲ ಎರಡು, ಮುಂದಿನ ಸಲ ಮೂರು ಎಂದು ಹಂಚಿಕೊಳ್ಳಬಹುದು. ಕಾಯಿಲೆಯ ಮಗುವಿಗೂ ಕೆಲಸಕ್ಕೆ ಹೋಗುವ ಹುಡುಗನಿಗೂ ಇದು ದೊಡ್ಡ ಅನುಕೂಲ.

• ಬೇರೆ ಮಂಡಳಿಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು, ಅಲ್ಲಿ ಪಾಸಾದ ಗರಿಷ್ಠ ಎರಡು ವಿಷಯಗಳ ಅಂಕವನ್ನು ನಿಯಮಕ್ಕೆ ಒಳಪಟ್ಟು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

• 10ನೇ ತರಗತಿ ಮುಗಿಸಿದ ಮೇಲೆ 12ನೇ ತರಗತಿಯ ಪೂರ್ಣ ಪ್ರಮಾಣಪತ್ರಕ್ಕೆ ಎರಡು ವರ್ಷದ ಅಂತರ ಇರಬೇಕು. ಒಂದೇ ವರ್ಷದಲ್ಲಿ ಎರಡೂ ಮುಗಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

3. ವಿಷಯ ಆರಿಸುವಾಗ ಎರಡು ವರ್ಷ ಮುಂದೆ ನೋಡಿ

ಇಲ್ಲಿ ಸ್ವಲ್ಪ ನಿಧಾನಿಸೋಣ, ಏಕೆಂದರೆ ಮನೆಯಲ್ಲಿ ಓದುವ ಮಕ್ಕಳ ಭವಿಷ್ಯ ಹೆಚ್ಚಾಗಿ ತಿರುವು ಪಡೆಯುವುದು ಇಲ್ಲಿಯೇ.

ಮುಕ್ತ ಶಾಲೆಯಲ್ಲಿ 10ನೇ ತರಗತಿಗೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಜೊತೆಗೆ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಗೃಹವಿಜ್ಞಾನ, ಮನೋವಿಜ್ಞಾನ, ಚಿತ್ರಕಲೆ ಮೊದಲಾದ ವಿಷಯಗಳೂ ಇವೆ. ಗಣಿತವೆಂದರೆ ಕಣ್ಣೀರಿಡುವ ಮಗುವಿಗೆ “ಅದನ್ನು ಬಿಟ್ಟುಬಿಡು ಪುಟ್ಟಾ, ಬೇರೆ ತೆಗೆದುಕೋ” ಎನ್ನುವುದು ಸುಲಭ, ಕೆಲವೊಮ್ಮೆ ಅದೇ ಸರಿ. ಆದರೆ ಹಾಗೆ ಹೇಳುವ ಮೊದಲು ಒಂದು ಲೆಕ್ಕ ಹಾಕಿ. ಪಾಲಿಟೆಕ್ನಿಕ್‌ನ ಇಂಜಿನಿಯರಿಂಗ್ ಡಿಪ್ಲೊಮಾಕ್ಕೆ 10ನೇ ತರಗತಿಯಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಓದಿರಬೇಕು. ಐ.ಟಿ.ಐ.ಯ ಅನೇಕ ವೃತ್ತಿಗಳಿಗೂ ಇವೆರಡನ್ನು ಕೇಳುತ್ತಾರೆ. ಹದಿನೈದರಲ್ಲಿ ಅಳು ತಪ್ಪಿಸಲು ಬಿಟ್ಟ ಗಣಿತಕ್ಕಾಗಿ ಹದಿನೇಳರಲ್ಲಿ ಆ ಹುಡುಗ ಪಾಲಿಟೆಕ್ನಿಕ್‌ನ ಬಾಗಿಲಿನಿಂದ ಹಿಂದಿರುಗಬೇಕಾದೀತು. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೈಚಳಕವಿದ್ದರೂ ಅರ್ಜಿಯಲ್ಲಿ ಆ ಎರಡು ವಿಷಯಗಳನ್ನೇ ಕೇಳುತ್ತಾರೆ.

ಇನ್ನೊಂದು ಕಡೆ, ಹೊಲಿಗೆ, ಅಡುಗೆ, ಅಂಗಡಿ ವ್ಯವಹಾರ ಅಥವಾ ಕಲೆಯತ್ತ ಮನಸ್ಸಿರುವ ಮಗಳನ್ನು ಗಣಿತದ ಹೆಸರಿನಲ್ಲಿ ಮೂರು ಸಲ ಸೋಲಿಸುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಮಗುವಿನೊಂದಿಗೆ ಕುಳಿತು, ಮುಂದೆ ಸೇರಬಹುದಾದ ಎರಡು ಮೂರು ಕೋರ್ಸುಗಳ ಹೆಸರು ಬರೆದುಕೊಳ್ಳಿ. ಆ ಕಾಲೇಜುಗಳಿಗೇ ಹೋಗಿ, “ಮುಕ್ತ ಶಾಲೆಯಲ್ಲಿ ಓದಿದವರಿಗೆ ಪ್ರವೇಶ ಕೊಡುತ್ತೀರಾ? ಯಾವ ವಿಷಯ ಕಡ್ಡಾಯ?” ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಅರ್ಜಿ ತುಂಬಿ. ಗಣಿತ ಬೇಕೇಬೇಕೆಂದಾದರೆ, ಅದೊಂದನ್ನೇ ಪ್ರತ್ಯೇಕವಾಗಿ ಒಂದು ಪರೀಕ್ಷೆಗೆ ಇಟ್ಟುಕೊಂಡು ಆರು ತಿಂಗಳು ಅದಕ್ಕೇ ಮೀಸಲಿಡಬಹುದು. ಒಂಬತ್ತು ಅವಕಾಶಗಳಿರುವುದು ಇಂತಹ ಮಕ್ಕಳಿಗೇ.

4. ಪುಸ್ತಕಕ್ಕೆ ನಾಲ್ಕು ಪರೀಕ್ಷೆ

ಈಗ ಪುಸ್ತಕದ ಮಾತು. ಮನೆಗೆ ತರುವ ಪ್ರತಿಯೊಂದು ಪುಸ್ತಕ, ಗೈಡು, ವಿಡಿಯೊ ಪಾಠವನ್ನೂ ಈ ನಾಲ್ಕು ಪ್ರಶ್ನೆಗಳಿಂದ ಒರೆಹಚ್ಚಿ.

ಒಂದು: ಇದು ನಮ್ಮ ಮಂಡಳಿಯದೇ, ಈ ವರ್ಷದ ಪಠ್ಯಕ್ರಮವೇ? ಎನ್.ಐ.ಓ.ಎಸ್. ಈಗ ಪಾಠಗಳನ್ನು ಎರಡು ಭಾಗ ಮಾಡಿದೆ. ಸುಮಾರು ಶೇಕಡ 40 ಭಾಗವನ್ನು ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕೆಲಸಕ್ಕೆ, ಉಳಿದದ್ದನ್ನು ಸಾರ್ವಜನಿಕ ಪರೀಕ್ಷೆಗೆ ಇಟ್ಟಿದೆ. ಇದು ತಿಳಿಯದೆ ಹಳೆಯ ಗೈಡು ಹಿಡಿದವರು ಪರೀಕ್ಷೆಗೆ ಬಾರದ ಪಾಠಗಳಿಗೆ ವಾರಗಟ್ಟಲೆ ಕಳೆಯುತ್ತಾರೆ. ಆ ನಿಯೋಜಿತ ಕೆಲಸಕ್ಕೆ ಶೇಕಡ 20ರಷ್ಟು ಅಂಕವಿರುವುದರಿಂದ ಅದನ್ನು ಸಕಾಲದಲ್ಲಿ ಒಪ್ಪಿಸಲು ಮರೆಯಬೇಡಿ.

ಎರಡು: ಮಗು ಇದನ್ನು ಒಂಟಿಯಾಗಿ ಓದಬಲ್ಲದೇ? ಶಾಲೆಯ ಪಠ್ಯಪುಸ್ತಕವನ್ನು ಶಿಕ್ಷಕರು ವಿವರಿಸುತ್ತಾರೆಂಬ ಭರವಸೆಯಲ್ಲಿ ಬರೆದಿರುತ್ತಾರೆ. ಮುಕ್ತ ಶಾಲೆಯ ಪಾಠಗಳು ಸ್ವಂತ ಓದಿಗೆಂದೇ ಬರೆದವು. ಪಾಠದ ನಡುನಡುವೆ ಪ್ರಶ್ನೆಗಳೂ ಕೊನೆಯಲ್ಲಿ ಉತ್ತರಗಳೂ ಇರುತ್ತವೆ. ಒಂದು ಪುಟವನ್ನು ಮಗುವಿಗೆ ಕೊಟ್ಟು, ಓದಿದ ಮೇಲೆ ಪುಸ್ತಕ ಮುಚ್ಚಿಸಿ, “ಏನು ಹೇಳಿದೆ?” ಎಂದು ಕೇಳಿ. ನಾಲ್ಕು ಮಾತು ಹೇಳಲಾಗದಿದ್ದರೆ ಪುಸ್ತಕದ ಭಾಷೆಯೋ ಮಾಧ್ಯಮವೋ ಮಗುವಿಗೆ ಒಗ್ಗಿಲ್ಲವೆಂದು ತಿಳಿಯಿರಿ.

ಮೂರು: ಉತ್ತರಗಳು ಹೇಗಿವೆ? ಗಣಿತದ ಪುಸ್ತಕದಲ್ಲಿ ಬರೀ ಕೊನೆಯ ಉತ್ತರವಿದ್ದರೆ ಒಂಟಿಯಾಗಿ ಓದುವವರಿಗೆ ಪ್ರಯೋಜನವಿಲ್ಲ. ಹಂತಹಂತವಾಗಿ ಬಿಡಿಸಿ ತೋರಿಸಿರಬೇಕು. ಬಾಯಿಪಾಠದ ಪ್ರಶ್ನೋತ್ತರಗಳಷ್ಟೇ ಇರುವ ಗೈಡು ಕೊನೆಯ ತಿಂಗಳಿಗೆ ಸಾಕು, ಮೊದಲ ತಿಂಗಳಿಗೆ ಬೇಡ.

ನಾಲ್ಕು: ಇದೇ ಪುಸ್ತಕ ಪುಕ್ಕಟೆಯಾಗಿ ಸಿಗುವುದೇ? ಎನ್.ಐ.ಓ.ಎಸ್.ನ ಪಾಠಗಳೂ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಆಯಾ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿವೆ. ಕರ್ನಾಟಕ ಶಾಲಾ ಪರೀಕ್ಷಾ ಮಂಡಳಿಯು ಮಾದರಿ ಪ್ರಶ್ನೆಪತ್ರಿಕೆಗಳನ್ನು ಪ್ರಕಟಿಸುತ್ತದೆ. ಸರಕಾರದ ‘ದೀಕ್ಷಾ’ ಮತ್ತು ‘ಸ್ವಯಂ’ ತಾಣಗಳಲ್ಲಿ ಪಾಠಗಳಿವೆ. ಹಣವನ್ನು ಇವುಗಳಲ್ಲಿ ಸಿಗದ ವಸ್ತುವಿಗೆ ಉಳಿಸಿಕೊಳ್ಳಿ.

ಹೀಗೆ ಒರೆಹಚ್ಚಿದ ಮೇಲೆ ಪ್ರತಿ ವಿಷಯಕ್ಕೆ ಮೂರೇ ವಸ್ತು ಸಾಕು: ಒಂದು ಮೂಲ ಪಠ್ಯ, ಒಂದು ಅಭ್ಯಾಸದ ಪುಸ್ತಕ, ಹಿಂದಿನ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು. ಪ್ರಶ್ನೆಪತ್ರಿಕೆಗಳನ್ನು ಮೊದಲ ವಾರದಲ್ಲೇ ಮಗುವಿಗೆ ತೋರಿಸಿ. ಎಲ್ಲಿಗೆ ತಲುಪಬೇಕೆಂದು ಕಂಡರೆ ನಡೆಯುವುದು ಸುಲಭ.

5. ಓದುವ ರೀತಿ

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಶೇಕಡ 81ಕ್ಕೆ 75. ಆದರೆ ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇಕಡ 42; ನೋಡದೆ ಬರೆದವರಿಗೆ ಶೇಕಡ 56.

ಮನೆಯಲ್ಲಿ ಓದುವ ಮಗುವಿಗೆ ತರಗತಿಯ ಕಿರುಪರೀಕ್ಷೆಗಳಿಲ್ಲ. ಆ ಕೊರತೆಯನ್ನು ನೀವು ತುಂಬಬಹುದು. ರಾತ್ರಿ ಊಟಕ್ಕೆ ಮುಂಚೆ ಪಾಠದ ಕೊನೆಯ ಪ್ರಶ್ನೆಗಳಲ್ಲಿ ಐದನ್ನು ಕೇಳಿ. ಉತ್ತರ ಪುಸ್ತಕದಲ್ಲೇ ಇರುವುದರಿಂದ ನೀವು ಹೋಲಿಸಿ ನೋಡಿದರೆ ಸಾಕು. ಶನಿವಾರ ಅರ್ಧ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಯಿಸಿ.

ಇಡೀ ವರ್ಷದ ಲೆಕ್ಕವನ್ನೂ ಮೊದಲೇ ಹಾಕಿ. ಒಂದು ವಿಷಯದಲ್ಲಿ 24 ಪಾಠಗಳಿವೆ ಎನ್ನಿ. ವಾರಕ್ಕೆ ಒಂದರಂತೆ 24 ವಾರ. ಅನಾರೋಗ್ಯ, ಹಬ್ಬ, ಮದುವೆಮನೆಗಳಿಗೆಂದು 4 ವಾರ. ಪ್ರಶ್ನೆಪತ್ರಿಕೆಗಳ ಅಭ್ಯಾಸಕ್ಕೆ 8 ವಾರ. ಒಟ್ಟು 36 ವಾರ. ಏಪ್ರಿಲ್ ಪರೀಕ್ಷೆಗೆ ಜುಲೈಯಲ್ಲೇ ಕೂರಬೇಕೆಂದು ಇದರಿಂದ ತಿಳಿಯುತ್ತದೆ. ವಿಜ್ಞಾನ ತೆಗೆದುಕೊಂಡವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿಗಳು ಯಾವಾಗ ಎಂದು ಕೇಳಿ, ಅವುಗಳನ್ನು ತಪ್ಪಿಸಬೇಡಿ.

6. ಎರಡು ಎಚ್ಚರಿಕೆಗಳು

“ಪಾಸು ಗ್ಯಾರಂಟಿ, ಮನೆಯಲ್ಲೇ ಇರಿ” ಎಂದು ಹಣ ಕೇಳುವ ದಲ್ಲಾಳಿಗಳಿದ್ದಾರೆ. ಎನ್.ಐ.ಓ.ಎಸ್. ಪ್ರವೇಶವನ್ನು ಅದರ ಸ್ವಂತ ಜಾಲತಾಣದಲ್ಲಿ ಯಾರ ನೆರವೂ ಇಲ್ಲದೆ ಪಡೆಯಬಹುದು. ಹೆಚ್ಚುಕಡಿಮೆ ಅದೇ ಹೆಸರಿನ ನಕಲಿ ಮಂಡಳಿಗಳ ಪ್ರಮಾಣಪತ್ರ ಹಿಡಿದು ಕಾಲೇಜಿಗೆ ಹೋದವರು ಹಣವನ್ನೂ ವರ್ಷವನ್ನೂ ಕಳೆದುಕೊಂಡು ಹಿಂದಿರುಗಬೇಕಾಗುತ್ತದೆ.

ಎರಡನೆಯದು ಮನೆಯೊಳಗಿನ ಮಾತು. “ಅವರ ಮಗಳನ್ನು ನೋಡು” ಎಂಬ ಮಾತನ್ನು ಪೂಜೆ ಮುಗಿಸಿ ಬರುವ ದಾರಿಯಲ್ಲಿ ಕೇಳಿದ ಮಗು ಮುಂದಿನ ಭಾನುವಾರ ದೇವಾಲಯಕ್ಕೆ ಬರಲು ನೆಪ ಹುಡುಕುತ್ತದೆ. ಮನೆಯಲ್ಲಿ ಓದುವ ಮಗುವಿಗೆ ಗೆಳೆಯರು ಕಡಿಮೆ; ದಿನವಿಡೀ ಕಿವಿಗೆ ಬೀಳುವುದು ನಿಮ್ಮ ಮಾತೇ. ಆದ್ದರಿಂದ ಗಾಯನ ವೃಂದ, ಯುವಕೂಟ, ಆಟದ ಬಯಲು ಇವುಗಳನ್ನು ಪರೀಕ್ಷೆಯ ನೆಪದಲ್ಲಿ ನಿಲ್ಲಿಸಬೇಡಿ.

ಧರ್ಮಕೇಂದ್ರಗಳಿಗೂ ಇಲ್ಲಿ ಕೆಲಸವಿದೆ. ಸಂಜೆ ಎರಡು ಗಂಟೆ ಸಭಾಂಗಣದ ಒಂದು ಮೂಲೆಯಲ್ಲಿ ದೀಪ, ಮೇಜು, ನಾಲ್ಕು ಕುರ್ಚಿ. ವಾರಕ್ಕೊಮ್ಮೆ ಗಣಿತ ಹೇಳಿಕೊಡಲು ಒಬ್ಬ ನಿವೃತ್ತ ಶಿಕ್ಷಕರು. ಓದಿ ಮುಗಿಸಿದವರ ಪುಸ್ತಕಗಳಿಗೆ ಒಂದು ಕಪಾಟು. ಒಂದೇ ಕೋಣೆಯ ಮನೆಯಲ್ಲಿ ಓದುವ ಮಗುವಿಗೆ ಇಷ್ಟರಿಂದಲೇ ಒಂದು ವರ್ಷ ಉಳಿದೀತು.

ಮನೆಯಲ್ಲಿ ಮಾತನಾಡಲು:

1. ನಮ್ಮ ಮಗು ಮುಂದೆ ಸೇರಬಯಸುವ ಎರಡು ಕೋರ್ಸುಗಳು ಯಾವುವು? ಅವಕ್ಕೆ 10ನೇ ತರಗತಿಯಲ್ಲಿ ಯಾವ ವಿಷಯ ಬೇಕು?

2. ಮನೆಯಲ್ಲಿ ಈಗಿರುವ ಪುಸ್ತಕಗಳಲ್ಲಿ ನಾಲ್ಕು ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಡುವವು ಎಷ್ಟು?

3. ಫಲಿತಾಂಶ ಬಂದ ದಿನ ಮಗುವಿಗೆ ನಾವು ಹೇಳುವ ಮೊದಲ ಮಾತು ಯಾವುದಾಗಿರಬೇಕು? ಅದನ್ನು ಇಂದೇ ತೀರ್ಮಾನಿಸಿಕೊಳ್ಳಿ.