ಹೆಸರಿಟ್ಟ ಮೇಲೆ ಉಳಿಯುವ ಕರ್ತವ್ಯ

ಪರಸ್ಥಳಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮಗು ಜನಿಸಿದೊಡನೆ ಏಳುವ ಮೊದಲ ಚರ್ಚೆ ಹೆಸರಿನದು. ವೆಂಕಟೇಶ, ರಾಘವೇಂದ್ರ, ರುಕ್ಮಿಣಿ ಎಂಬ ಹೆಸರುಗಳಲ್ಲಿ ಒಂದನ್ನಿಡಬೇಕೆಂಬುದು ಹಿರಿಯರ ಅಪೇಕ್ಷೆ. "ಶಾಲೆಯಲ್ಲಿ ಹುಡುಗರು ಅದನ್ನು ತುಂಡರಿಸಿ ಕರೆಯುತ್ತಾರೆ, ಭಗವಂತನ ಹೆಸರಿಗೆ ನಮ್ಮಿಂದಲೇ ಅಪಚಾರವಾಗುವುದಕ್ಕಿಂತ ಬೇರೊಂದು ಚಿಕ್ಕ ಹೆಸರೇ ಲೇಸಲ್ಲವೇ?" ಎಂಬುದು ಕಿರಿಯರ ಶಂಕೆ. ಇಬ್ಬರ ಮಾತಿನಲ್ಲಿಯೂ ದೇವರ ಮೇಲಿನ ಗೌರವವೇ ಇದೆ. ಆದುದರಿಂದ ಈ ವಿಷಯವನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸುವುದು ಉಚಿತ.

ಹೆಸರು ಯಾರದು?

ಸಮಸ್ತ ಶಬ್ದಗಳೂ ಪರಮಮುಖ್ಯವೃತ್ತಿಯಿಂದ ಶ್ರೀಮನ್ನಾರಾಯಣನನ್ನೇ ಹೇಳುತ್ತವೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಬ್ರಹ್ಮಸೂತ್ರಭಾಷ್ಯದ ಮೊದಲನೆಯ ಅಧ್ಯಾಯವಾದ ಸಮನ್ವಯಾಧ್ಯಾಯದಲ್ಲಿ ಅವರು ಇದನ್ನು ಸಾಧಿಸಿದ್ದಾರೆ. ಹಾಗಿದ್ದ ಮೇಲೆ ಕೇಶವ, ಮಾಧವ ಎಂಬ ಹೆಸರುಗಳು ಮುಖ್ಯವಾಗಿ ಶ್ರೀಹರಿಯವು. ನಮ್ಮ ಮಕ್ಕಳಿಗೆ ಅವು ಅನುಗ್ರಹದಿಂದ ಬಂದವು. ಹೆಸರು ಬಂದ ಮಾತ್ರಕ್ಕೆ ಮಗು ದೇವರಾಗುವುದಿಲ್ಲ. ಜೀವೇಶ್ವರರ ಭೇದವು ಸತ್ಯವಾದುದು. ಭಗವಂತನು ಬಿಂಬ, ಜೀವನು ಅವನ ಪ್ರತಿಬಿಂಬ. "ಕೇಶವಾ, ಬಾರಪ್ಪಾ" ಎಂದು ತಾಯಿ ಕರೆಯುವಾಗ ಮಗುವಿನ ಅಂತರ್ಯಾಮಿಯಾದ ಕೇಶವನನ್ನು ಸ್ಮರಿಸಿದರೆ ಆ ಕರೆಯೇ ಉಪಾಸನೆಯಾಗುತ್ತದೆ.

ಹಿರಿಯರು ನಡೆದ ಮಾರ್ಗವೂ ಇದೇ. ಮಧ್ಯಗೇಹ ಭಟ್ಟರು ತಮ್ಮ ಪುತ್ರನಿಗೆ ವಾಸುದೇವನೆಂದು ಹೆಸರಿಟ್ಟರೆಂಬುದನ್ನು ಸುಮಧ್ವವಿಜಯದಿಂದ ತಿಳಿಯುತ್ತೇವೆ. ಪೂರ್ಣಪ್ರಜ್ಞ, ಆನಂದತೀರ್ಥ ಎಂಬ ಹೆಸರುಗಳು ಅನಂತರ ಬಂದವು. ಶ್ರೀವಾದಿರಾಜರ ಪೂರ್ವಾಶ್ರಮದ ನಾಮ ಭೂವರಾಹ, ಶ್ರೀರಾಘವೇಂದ್ರತೀರ್ಥರದು ವೇಂಕಟನಾಥ.

ಅಜಾಮಿಳನ ಉಪಾಖ್ಯಾನ

ದೇವರ ಹೆಸರನ್ನಿಡಬೇಕೆನ್ನುವವರು ಶ್ರೀಮದ್ಭಾಗವತದ ಆರನೆಯ ಸ್ಕಂಧದ ಅಜಾಮಿಳನನ್ನು ಉದಾಹರಿಸುವುದುಂಟು. ಕನ್ಯಾಕುಬ್ಜದ ಆ ಬ್ರಾಹ್ಮಣನು ಸದಾಚಾರವನ್ನು ತೊರೆದು ಬಾಳಿದನು. ಹತ್ತು ಮಕ್ಕಳಲ್ಲಿ ಕಿರಿಯವನಿಗೆ ನಾರಾಯಣನೆಂದು ಹೆಸರು. ಮರಣಕಾಲದಲ್ಲಿ ಯಮದೂತರನ್ನು ಕಂಡು ಬೆದರಿ ಆ ಮಗನನ್ನು ಕೂಗಿದನು. ವಿಷ್ಣುದೂತರು ಬಂದು ಬಿಡಿಸಿದರು. ಕಥೆ ಇಲ್ಲಿಗೇ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ಮುಂದಿನ ಭಾಗವೇ ನಮಗೆ ಮುಖ್ಯವಾದ ಪಾಠ. ಅಜಾಮಿಳನು ಆ ಕ್ಷಣದಲ್ಲೇ ವೈಕುಂಠಕ್ಕೆ ಹೋಗಲಿಲ್ಲ. ದೂತರ ಧರ್ಮಸಂವಾದವನ್ನು ಕೇಳಿ ಪಶ್ಚಾತ್ತಾಪಪಟ್ಟನು. ಮನೆಯನ್ನು ಬಿಟ್ಟು ಗಂಗಾದ್ವಾರಕ್ಕೆ ತೆರಳಿದನು. ಅಲ್ಲಿ ಇಂದ್ರಿಯಗಳನ್ನು ನಿಗ್ರಹಿಸಿ ಭಗವಂತನಲ್ಲಿ ಮನಸ್ಸನ್ನು ನೆಲೆಗೊಳಿಸಿದ ಮೇಲೆಯೇ ಸದ್ಗತಿಯನ್ನು ಪಡೆದನು. ನಾಮವು ಅವನಿಗೆ ಅವಕಾಶವನ್ನೂ ಸತ್ಸಂಗವನ್ನೂ ಕೊಟ್ಟಿತು. ಉಳಿದುದು ಸಾಧನೆಯಿಂದ ಆಯಿತು.

ಆದ್ದರಿಂದ ಪವಿತ್ರವಾದ ಹೆಸರನ್ನಿಟ್ಟು ಸುಮ್ಮನಾಗುವುದು ಸಾಲದು. ಅಪಚಾರಕ್ಕೆ ಹೆದರಿ ಇಡದಿರುವುದೂ ಸರಿಯಲ್ಲ. ಹೆಸರಿಡುವುದು ಆರಂಭ, ಅದರ ಅರ್ಥವನ್ನು ಮಗುವಿಗೆ ತಿಳಿಸುವುದು ತಂದೆತಾಯಿಗಳ ಉಳಿದ ಕರ್ತವ್ಯ.

ಸಂಸ್ಕಾರ ಮತ್ತು ನೋಂದಣಿ

ನಾಮಕರಣವನ್ನು ಸಾಮಾನ್ಯವಾಗಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಮಾಡುತ್ತಾರೆ. ತಂದೆಯು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಮಗುವಿನ ಬಲಗಿವಿಯಲ್ಲಿ ಉಚ್ಚರಿಸುತ್ತಾನೆ. ಕುಲದೇವತೆಯ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯವಹಾರದ ಹೆಸರು ಎಂದು ನಾಲ್ಕು ಬಗೆಯನ್ನು ಹೇಳುವುದುಂಟು. ವ್ಯವಹಾರಕ್ಕೆ ಯಾವ ಹೆಸರನ್ನೇ ಇಟ್ಟಿದ್ದರೂ ಉಳಿದ ಮೂರು ಮಗುವಿನವೇ, ಅವುಗಳನ್ನು ಬರೆದಿಡಿರಿ.

ಆಸ್ಪತ್ರೆಯಲ್ಲಿ ಅವಸರದಿಂದ ಯಾವುದೋ ಹೆಸರನ್ನು ಬರೆಸಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಕಲಮಿನಂತೆ, ಹೆಸರಿಲ್ಲದೆ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅವಕಾಶವುಂಟು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ ಮೊದಲಾದವುಗಳಲ್ಲಿ ಈ ಜನನಪತ್ರವೇ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಪ್ರಮಾಣವಾಗಿರುವುದರಿಂದ, ಅದರಲ್ಲಿನ ಅಕ್ಷರಗಳನ್ನು ಎಚ್ಚರದಿಂದ ನೋಡಿಕೊಳ್ಳಬೇಕು.

ಕರೆಯುವ ಬಗೆ

ದೆಹಲಿಯಲ್ಲಿ ಮಾಧವನು "ಮಾಧವ್" ಆಗುತ್ತಾನೆ. ತಮಿಳು ಲಿಪಿಯಲ್ಲಿ ಗೋವಿಂದನ ಗಕಾರಕ್ಕೂ ಕಕಾರಕ್ಕೂ ಒಂದೇ ಅಕ್ಷರ. ಇದು ಆಯಾ ಭಾಷೆಯ ಸ್ವಭಾವ; ಅಪಚಾರವೆಂದು ಖೇದಪಡಬೇಕಾಗಿಲ್ಲ. ಆದರೆ ಮನೆಯಲ್ಲಿ ನಾವೇ ಹೆಸರನ್ನು ಮುರಿಯಬಾರದು. ಹಿಂದೆ ಮಾವನವರ ಹೆಸರನ್ನು ಸೊಸೆ ಉಚ್ಚರಿಸುತ್ತಿರಲಿಲ್ಲ. ಅಜ್ಜನ ಹೆಸರನ್ನು ಹೊತ್ತ ಮಗನನ್ನು ಅವಳು "ಅಪ್ಪಣ್ಣ", "ಪುಟ್ಟ" ಎಂದು ಕರೆಯುತ್ತಿದ್ದಳು. ಗದರಿಸುವಾಗಲೂ ಆ ಹೆಸರೇ ಬಳಕೆಯಾಗುತ್ತಿತ್ತು. ಆ ವಿವೇಕವು ನಮಗೂ ಬೇಕು. ಮುದ್ದಿಗೆ ಬೇರೊಂದು ಹೆಸರಿರಲಿ. ದೇವರ ಹೆಸರು ಪೂರ್ಣವಾಗಿಯೇ ಇರಲಿ.

ಕಾರ್ತಿಕಮಾಸದಲ್ಲಿ ಹುಟ್ಟಿದ ಮಗನಿಗೆ ದಾಮೋದರನೆಂದು ಹೆಸರಿಟ್ಟಿದ್ದೀರೆಂದು ಭಾವಿಸೋಣ. ಆ ಮಾಸದ ನಿಯಾಮಕ ರೂಪವೇ ದಾಮೋದರ ಎಂದು ತಿಳಿಸಿರಿ. ಯಶೋದೆಯು ಹಗ್ಗದಿಂದ ಕಟ್ಟಿದ ಕಥೆಯನ್ನು ಹೇಳಿರಿ. ದಾಮವೆಂದರೆ ಹಗ್ಗ, ಉದರವೆಂದರೆ ಹೊಟ್ಟೆ ಎಂದು ಬಿಡಿಸಿ ತೋರಿಸಿರಿ. ಸಂಧ್ಯಾವಂದನೆಯ ಕೇಶವಾದಿ ನಾಮಗಳಲ್ಲಿ ತನ್ನ ಹೆಸರು ಬರುವುದನ್ನು ಅವನೇ ಕಿವಿಗೊಟ್ಟು ಕೇಳಲಿ. ಮಗಳು ಇಂದಿರೆಯಾದರೆ, ಅದು ಶ್ರೀಮಹಾಲಕ್ಷ್ಮಿಯ ಹೆಸರೆಂದು ಶುಕ್ರವಾರದ ಪೂಜೆಯಲ್ಲಿ ನೆನಪಿಸಿರಿ.

ಮಕ್ಕಳು ನಾಳೆ ಎಲ್ಲಿಗೋ ಹೋಗಿ ನೆಲೆಸಬಹುದು. ಕನ್ನಡ ಮಾತನಾಡುವವರಾಗಲಿ, ಮಠವಾಗಲಿ ಅಲ್ಲಿ ಇಲ್ಲದಿರಬಹುದು. ಆದರೆ ಹೆಸರು ಅವರೊಡನೆ ಹೋಗುತ್ತದೆ. "ನಿನ್ನ ಹೆಸರಿನ ಅರ್ಥವೇನು?" ಎಂದು ಪರರು ಕೇಳಿದಾಗ ಅವರು ತಡವರಿಸುವಂತಾದರೆ ಆ ಕೊರತೆ ಅವರದಲ್ಲ, ನಮ್ಮದು.

ಮನೆಯಲ್ಲಿ ವಿಚಾರಿಸಲು

1. ಮನೆಯ ಪ್ರತಿಯೊಬ್ಬರ ಹೆಸರೂ ಭಗವಂತನ ಅಥವಾ ದೇವತೆಗಳ ಯಾವ ರೂಪವನ್ನು, ಯಾವ ಗುಣವನ್ನು ಸೂಚಿಸುತ್ತದೆ?
2. ಅಜಾಮಿಳನು ಗಂಗಾದ್ವಾರಕ್ಕೆ ಏಕೆ ಹೋಗಬೇಕಾಯಿತು?
3. ಕೇಶವಾದಿ ನಾಮಗಳನ್ನು ಮಕ್ಕಳು ಕ್ರಮವಾಗಿ ಹೇಳಬಲ್ಲರೇ?

ಶ್ರೀಕೃಷ್ಣಾರ್ಪಣಮಸ್ತು